ಬೇಕರಿಯ ಮೇಲಿನ ಚುಕ್ಕಿ

ಅಕ್ಕನ ಮನೆ ಬೀದಿಯ ಕೊನೆಯಲ್ಲಿತ್ತು. ಮುಂದುಗಡೆ ಬೇಕರಿಯ ಅಂಗಡಿ, ಅದರ ಹಿಂದೆ ಅಡುಗೆಮನೆ, ಮಹಡಿಯ ಮೇಲೆ ಎರಡು ಕೋಣೆ. ಹಿಂದಿನ ಗೋಡೆಗೆ ಅಂಟಿಕೊಂಡು ತಗಡು ಹೊದಿಸಿದ ಒಂದು ಶೆಡ್ಡು, ಅದರೊಳಗೆ ಆಳೆತ್ತರದ ಇಟ್ಟಿಗೆ ಭಟ್ಟಿ. ಭಟ್ಟಿಯ ಕಬ್ಬಿಣದ ಹೊಗೆಕೊಳವೆ ಮಹಡಿಯ ಗೋಡೆಯನ್ನು ಸವರಿಕೊಂಡು ಮೇಲೇರುತ್ತಿತ್ತು. ಆ ಗೋಡೆಯ ಒಳಮಗ್ಗುಲಿನ ಕೋಣೆಯಲ್ಲಿ ಎಂಥ ಚಳಿಗಾಲದಲ್ಲೂ ದಪ್ಪ ಹೊದಿಕೆ ಬೇಕಾಗುತ್ತಿರಲಿಲ್ಲ. ತಂಗಿ ಬೆಳೆದದ್ದು, ಓದಿದ್ದು ಆ ಕೋಣೆಯಲ್ಲಿ.

ಅಮ್ಮ ತೀರಿಕೊಂಡಾಗ ಅವಳಿನ್ನೂ ಶಾಲೆಗೆ ಹೋಗುತ್ತಿದ್ದಳು. ಅಪ್ಪನ ಮುಖ ಅವಳಿಗೆ ನೆನಪೇ ಇಲ್ಲ. ಅಕ್ಕನಿಗೆ ಮದುವೆಯಾಗಿ ವರ್ಷವೂ ತುಂಬಿರಲಿಲ್ಲ. ಹುಡುಗಿಯನ್ನು ಎಲ್ಲಿ ಬಿಡುವುದು ಎಂದು ನೆಂಟರೆಲ್ಲ ಒಬ್ಬರ ಮುಖ ಒಬ್ಬರು ನೋಡುತ್ತಿದ್ದಾಗ ಭಾವ, "ಇದರಲ್ಲಿ ಯೋಚನೆ ಮಾಡೋಕೇನಿದೆ? ನಮ್ಮನೇಲಿ ಬೇರೆ ಯಾವುದಕ್ಕೆ ಬರ ಇದ್ರೂ ಬ್ರೆಡ್ಡಿಗೆ ಬರ ಇಲ್ಲ" ಎಂದು ಅವಳ ಪೆಟ್ಟಿಗೆಯನ್ನು ಎತ್ತಿಕೊಂಡೇ ಬಿಟ್ಟಿದ್ದ. ಭಾವನ ತಾಯಿಯನ್ನು ಬೀದಿಯವರೆಲ್ಲ ಅಜ್ಜಿ ಎಂದೇ ಕರೆಯುತ್ತಿದ್ದರು. ಅಜ್ಜಿ ಮೊದಮೊದಲು ಮೂಗು ಮುರಿದಳು. ಆಮೇಲೆ ತನ್ನ ಪಾಲಿನ ಬನ್ನಿನ ಮೇಲುಪದರವನ್ನು ಕಿತ್ತು ಅವಳ ತಟ್ಟೆಗೆ ಹಾಕತೊಡಗಿದಳು. ಅಕ್ಕನಿಗೆ ಮಕ್ಕಳಾಗಲಿಲ್ಲ. ಆ ಮನೆಯಲ್ಲಿ ಮಗಳು ಎಂದರೂ ಅವಳೇ, ನಾದಿನಿ ಎಂದರೂ ಅವಳೇ.

ಓದು ಮುಗಿದ ಮೇಲೆ ತಂಗಿಗೆ ನೆಲದ ಏರಿಳಿತ ಅಳೆಯುವ ಕಚೇರಿಯೊಂದರಲ್ಲಿ ಕೆಲಸ ಸಿಕ್ಕಿತು. ಊರಿನ ಆಚೆ ತುದಿಯಲ್ಲಿ ಕಚೇರಿ. ಅಲ್ಲೇ ಹತ್ತಿರ ಒಂದು ಕೋಣೆ ಹಿಡಿದು ವಾರಕ್ಕೊಮ್ಮೆ ಅಕ್ಕನ ಮನೆಗೆ ಬಂದುಹೋಗುತ್ತಿದ್ದಳು. ಕೆಲಸವೆಂದರೆ ದಿನವಿಡೀ ಪರದೆಯ ಮುಂದೆ ಕೂರುವುದು. ಉಪಗ್ರಹವೊಂದು ಆಗಾಗ ಊರಿನ ಮೇಲೆ ಹಾದುಹೋಗುವಾಗ ರೇಡಾರ್‌ನಿಂದ ಚಿತ್ರ ತೆಗೆಯುತ್ತದೆ. ವರ್ಷಗಟ್ಟಲೆಯ ಅಂಥ ಚಿತ್ರಗಳನ್ನು ತಂತ್ರಾಂಶ ಅಂಚಿಗೆ ಅಂಚು ಕೂಡಿಸಿ ಒಂದರ ಮೇಲೊಂದು ಪೇರಿಸಿಡುತ್ತದೆ. ಆ ಪೇರಿಕೆಯಲ್ಲಿ ಒಂದು ಚುಕ್ಕಿಯ ಮೇಲೆ ಮೌಸ್ ಒತ್ತಿದರೆ ಸಾಕು, ಮೇಲಿನ ಚಿತ್ರದಿಂದ ತಳದ ಚಿತ್ರದವರೆಗೆ ಅದೇ ಜಾಗದ ಅಳತೆಯನ್ನಷ್ಟೇ ಹೆಕ್ಕಿ ಒಂದು ಗೆರೆ ಮಾಡಿ ತೋರಿಸುತ್ತದೆ. ಆ ಜಾಗ ಯಾವಾಗ ಎಷ್ಟು ಏರಿತು, ಎಷ್ಟು ಇಳಿಯಿತು ಎಂಬುದು ಆ ಗೆರೆಯಲ್ಲಿರುತ್ತದೆ. ಮಿಕ್ಕ ಊರೆಲ್ಲ ಪರದೆಯಿಂದ ಮಾಯ. ಕಚೇರಿಯವರು ಇದಕ್ಕೆ 'ಸೂಜಿ ಚುಚ್ಚೋದು' ಎನ್ನುತ್ತಿದ್ದರು, ಕಾಗದದ ಕಟ್ಟಿಗೆ ದಬ್ಬಳ ತೂರಿಸಿದ ಹಾಗೆ.

ಊರಿನ ಒಂದು ಭಾಗದ ಕೆಳಗೆ ಎಂದೋ ಮುಚ್ಚಿಹೋದ ಗಣಿಯ ಸುರಂಗಗಳಿದ್ದವು. ಅವು ಎಲ್ಲಿಂದ ಎಲ್ಲಿಯವರೆಗೆ ಹೋಗಿವೆ ಎಂಬುದು ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ. ಆ ವರ್ಷ ಬೇರೊಂದು ಬಡಾವಣೆಯಲ್ಲಿ ಮಹಡಿ ಮನೆಯೊಂದು ಇದ್ದಕ್ಕಿದ್ದಂತೆ ಕುಸಿದು, ಒಳಗಿದ್ದವರು ಒಬ್ಬರೂ ಉಳಿಯಲಿಲ್ಲ. ನಗರಸಭೆಗೆ ನಡುಕ ಹತ್ತಿತು. ಎಲ್ಲೆಲ್ಲಿ ನೆಲ ಇಳಿಯುತ್ತಿದೆ, ನಕ್ಷೆ ಕೊಡಿ ಎಂದು ತಂಗಿಯ ಕಚೇರಿಯ ಬೆನ್ನು ಬಿತ್ತು.

ಕಚೇರಿಯ ಮುಖ್ಯಸ್ಥರಿಗೆ ಕಿರಿಯರು ಇಟ್ಟಿದ್ದ ಹೆಸರು ಸರಾಸರಿ ಸರ್. ಯಾವ ಮನೆಯ ಬಗ್ಗೆ ಯಾರು ಕೇಳಿದರೂ ಅವರು ಬಡಾವಣೆಯ ಸರಾಸರಿಯನ್ನಷ್ಟೇ ಕೊಡುತ್ತಿದ್ದರು. ಅವರು ಊಟ ಮಾಡುವಾಗಲೂ ಬಡಾವಣೆಯ ಲೆಕ್ಕದಲ್ಲೇ ತುತ್ತು ಹಾಕ್ತಾರೆ ಎಂದು ಹುಡುಗಿಯರು ನಗುತ್ತಿದ್ದರು. ಆ ವಾರ ಯಾರೂ ನಗಲಿಲ್ಲ. ಎಲ್ಲರೂ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕೂತಿದ್ದರು.

ಅಕ್ಕನ ಬೀದಿ ಇದ್ದ ನಕ್ಷೆಯ ಹಾಳೆ ತಂಗಿಯ ಪಾಲಿಗೆ ಬಂತು. ಮಾಡಬೇಕಾದ್ದನ್ನು ಮಾಡಿ ಮುಗಿಸಿದ ಮೇಲೆ, ಸುಮ್ಮನೆ ಒಮ್ಮೆ ಎಂದುಕೊಂಡು, ಬೀದಿಯ ಕೊನೆಯಲ್ಲಿ ಹೊಳೆಯುತ್ತಿದ್ದ ಚುಕ್ಕಿಯ ಮೇಲೆ ಒತ್ತಿದಳು.

ಗೆರೆ ಮೊದಲು ನೆಟ್ಟಗೆ ಬಂದು, ನಡುವೆ ಒಂದು ಕಡೆ ಬಾಗಿ, ಅಲ್ಲಿಂದ ಕೆಳಗಿಳಿಯುತ್ತಲೇ ಹೋಗಿತ್ತು.

ತಪ್ಪು ಒತ್ತಿದೆನೇನೋ ಎಂದು ಇನ್ನೊಮ್ಮೆ ಒತ್ತಿದಳು. ಅದೇ ಗೆರೆ. ಪಕ್ಕದ ಮನೆಯ ಮೇಲೆ ಒತ್ತಿದಳು. ಅದು ಮೇಜಿನ ಅಂಚಿನಂತೆ ನೆಟ್ಟಗಿತ್ತು. ಎದುರು ಮನೆಯದೂ ಹಾಗೇ. ಇಡೀ ಬೀದಿಯಲ್ಲಿ ಇಳಿಯುತ್ತಿದ್ದದ್ದು ಅಕ್ಕನ ಮನೆಯೊಂದೇ. ಕುಸಿದ ಮನೆಯ ಕೆಳಗೆ ಸಿಕ್ಕಿದ ಸುರಂಗವೂ ಹೀಗೇ ಒಂದೇ ಮನೆಯ ಅಗಲದ್ದಾಗಿತ್ತು ಎಂಬುದು ನೆನಪಾಗಿ ಅವಳು ಮುಖ್ಯಸ್ಥರನ್ನು ಕರೆತಂದಳು.

ಸರಾಸರಿ ಸರ್ ಕನ್ನಡಕ ಹಣೆಗೇರಿಸಿ ಪರದೆಗೆ ಮೂಗು ತಾಗಿಸುವಷ್ಟು ಬಗ್ಗಿ ನೋಡಿದರು.

"ಇದು ಮನೆನೇ ಅಂತ ಹೇಗೆ ಹೇಳ್ತೀಯಮ್ಮ?"

"ಅಲ್ಲೇ ಇದೆಯಲ್ಲ ಸರ್, ಬೀದಿ ಕೊನೇಲಿ."

"ಚುಕ್ಕಿ ಅಲ್ಲಿದೆ. ಆದರೆ ರೇಡಾರ್‌ಗೆ ಅಲ್ಲಿ ಕಂಡಿರೋದು ಏನು? ಇಷ್ಟು ಹೊಳೀತಿದೆ ಅಂದ್ರೆ ಕಬ್ಬಿಣ ಇರಬೇಕು, ತಗಡು ಇರಬೇಕು. ಏನಿದೆ ಅಲ್ಲಿ?"

"ಹಿಂದುಗಡೆ ಒಂದು ಶೆಡ್ಡಿದೆ. ಭಟ್ಟಿ ಕೊಳವೆ ಇದೆ."

"ಹಾಗಾದ್ರೆ ಇಳೀತಿರೋದು ಆ ಶೆಡ್ಡೇ ಇರಬಹುದು. ಕೊಳವೆನೇ ವಾಲ್ತಾ ಇರಬಹುದು. ಮನೆ ಹತ್ರ ಅಳತೆ ಕಂಬ ನೆಟ್ಟು ಒಂದು ಮಳೆಗಾಲ, ಒಂದು ಬೇಸಿಗೆ ನೋಡೋಣ. ಒಂದು ಗೆರೆ ಇಟ್ಕೊಂಡು ಒಬ್ಬರ ಮನೆ ಬಗ್ಗೆ ಮಾತಾಡಬಾರದು."

"ಅಷ್ಟರಲ್ಲಿ ಬಿದ್ದೋದ್ರೆ ಸರ್?"

ಅವರು ಕನ್ನಡಕವನ್ನು ಮತ್ತೆ ಮೂಗಿಗಿಳಿಸಿದರು. "ಯಾರ ಮನೆ ಅದು?"

"ನಮ್ಮಕ್ಕಂದು."

"ಹಾಗಾದ್ರೆ ಆ ಹಾಳೆ ನೀನು ನೋಡಬೇಡ. ಬೇರೆಯವರಿಗೆ ಕೊಡ್ತೀನಿ" ಎಂದರು. ಗದರಿಸಿ ಹೇಳಿದ್ದಲ್ಲ. ಆದರೆ ತಂಗಿಗೆ ಗದರಿಸಿದಂತೆಯೇ ಕೇಳಿಸಿತು.

ಆ ಸಂಜೆಯೇ ಅವಳು ಅಕ್ಕನ ಮನೆಗೆ ಹೋದಳು. ಭಾವ ಮೈದಾ ಮೆತ್ತಿದ ಕೈಯಲ್ಲೇ ಹೊರಗೆ ಬಂದ.

"ಓಹೋ, ಇಂಜಿನಿಯರಮ್ಮ! ವಾರದ ಮಧ್ಯ? ಹೊಟ್ಟೆ ಹಸೀತಾ?"

ಅವಳು ನಗಲಿಲ್ಲ. ನೇರವಾಗಿ ಶೆಡ್ಡಿಗೆ ಹೋಗಿ ಭಟ್ಟಿಯ ಸುತ್ತ ನೋಡಿದಳು. ಭಟ್ಟಿಯ ಬುಡದಿಂದ ಹಿಂದಿನ ಗೋಡೆಗೆ ಹಬ್ಬಿದ ಬಿರುಕೊಂದಿತ್ತು. ಅದಕ್ಕೆ ಭಾವ ಸಿಮೆಂಟು ಮೆತ್ತಿದ್ದ. ಸಿಮೆಂಟು ಮತ್ತೆ ಬಿರಿದಿತ್ತು.

"ಇದು ಯಾವಾಗಿಂದ ಭಾವ?"

"ಭಟ್ಟಿ ಅಂದ್ಮೇಲೆ ಬಿರಿಯುತ್ತೆ, ಕಾಯುತ್ತೆ, ಆರುತ್ತೆ. ನಮ್ಮಪ್ಪನ ಕಾಲದಿಂದ ನೋಡಿದೀನಿ."

"ಬಾಗಿಲು?"

"ಶೆಡ್ಡಿಂದು ಸ್ವಲ್ಪ ಹಿಡಿಯುತ್ತೆ. ಒಂದು ಸಲ ಉಜ್ಜುಗೊರಡು ಹೊಡೆದೆ. ಈಗೇನು, ನನ್ನ ಬಾಗಿಲಿನ ಲೆಕ್ಕಾನೂ ಆಕಾಶದಿಂದ ತೆಗೀತೀರಾ?"

ತಂಗಿ ಫೋನಿನಲ್ಲಿ ಗೆರೆಯನ್ನು ತೋರಿಸಿದಳು. ಕುಸಿದ ಮನೆಯ ಗೆರೆಯೂ ಇತ್ತು. ಎರಡನ್ನೂ ಪಕ್ಕಪಕ್ಕ ಇಟ್ಟು ತೋರಿಸಿದಳು. ಭಾವ ಅಂಗೈ ಒರೆಸಿಕೊಂಡು ಫೋನು ಹಿಡಿದು ತುಂಬ ಹೊತ್ತು ನೋಡಿದ. ಅವನ ಮುಖದ ನಗು ಪೂರ್ತಿ ಹೋಗಿರಲಿಲ್ಲ, ಆದರೆ ಅಲ್ಲೇ ನಿಂತುಬಿಟ್ಟಿತ್ತು.

"ಈ ಭಟ್ಟಿ ಬಿಟ್ಟು ನಾನು ಎಲ್ಲಿಗೆ ಹೋಗ್ಲಿ ಮರಿ? ಪೆಟ್ಟಿಗೆ ಆದ್ರೆ ಎತ್ಕೊಂಡು ಹೋಗಬಹುದು. ಇದನ್ನ ಹೇಗೆ ಎತ್ತೋದು?" ಎಂದು ಹಿಟ್ಟಿನ ಹತ್ತಿರ ಹೋದ.

ಅಕ್ಕ ಅಡುಗೆಮನೆಯ ಬಾಗಿಲಲ್ಲಿ ನಿಂತು ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ತಂಗಿ ಹೊರಡುವಾಗ ಅಂಗಡಿಯ ಮೆಟ್ಟಿಲವರೆಗೂ ಬಂದು ತಗ್ಗಿದ ದನಿಯಲ್ಲಿ ಕೇಳಿದಳು.

"ನಿಜ ಹೇಳು. ನಿಮ್ಮ ಸಾಹೇಬ್ರು ಏನಂತಾರೆ?"

ಶೆಡ್ಡಿನ ಮಾತು ಹೇಳಿದರೆ ಅಕ್ಕ ಅದನ್ನೇ ಹಿಡಿದುಕೊಂಡು ಇಲ್ಲೇ ಉಳಿದುಬಿಡುತ್ತಾಳೆ ಎಂದು ತಂಗಿಗೆ ಎನಿಸಿತು.

"ಅವರು ಯಾವತ್ತೂ ಸರಾಸರಿನೇ ಹೇಳೋದು. ನಾನು ಸುಮ್ನೆ ಹೇಳ್ತೀನಾ ಅಕ್ಕ?"

"ನೀನು ಸುಮ್ನೆ ಹೇಳೋಳಲ್ಲ" ಎಂದಳು ಅಕ್ಕ. ಅಷ್ಟೇ.

ಮುಂದಿನ ಚಿತ್ರ ಬಂದಾಗ ತಂಗಿಗೆ ಆ ಹಾಳೆಯನ್ನು ತೆರೆಯುವ ಅಧಿಕಾರ ಇರಲಿಲ್ಲ. ಆದರೂ ಆ ಹಾಳೆ ಸಿಕ್ಕಿದ್ದ ಪಕ್ಕದ ಮೇಜಿನವಳು ಎದ್ದುಹೋದ ಹೊತ್ತು ನೋಡಿ ಅವಳ ಪರದೆಯಲ್ಲೇ ಸೂಜಿ ಚುಚ್ಚಿದಳು. ಗೆರೆ ಇನ್ನೊಂದಿಷ್ಟು ಇಳಿದಿತ್ತು. ಅವಳು ಅದನ್ನು ಅಚ್ಚು ಹಾಕಿಕೊಂಡು, ಸರಾಸರಿ ಸರ್‌ಗೆ ತಿಳಿಸದೆ, ನಗರಸಭೆಯ ಇಂಜಿನಿಯರ್ ಮುಂದೆ ಹೋಗಿ ನಿಂತಳು.

ಕುಸಿದ ಮನೆಯಿಂದ ಹೆಣಗಳನ್ನು ಹೊರತೆಗೆಯುವಾಗ ಆ ಇಂಜಿನಿಯರ್ ಖುದ್ದಾಗಿ ಅಲ್ಲಿ ನಿಂತಿದ್ದ. ಆಮೇಲೆ ಅವನಿಗೆ ಸರಿಯಾಗಿ ನಿದ್ದೆ ಬಂದಿರಲಿಲ್ಲ ಎಂಬುದು ಮುಖದಲ್ಲೇ ಕಾಣುತ್ತಿತ್ತು. ಗೆರೆಯ ಮೇಲೆ ಬೆರಳಾಡಿಸಿ, "ಇದು ನಿಮ್ಮ ಕಚೇರಿದೇ ತಾನೇ?" ಎಂದು ಕೇಳಿದ.

"ನಮ್ಮದೇ."

ಅವನು ಬೇರೆ ಏನನ್ನೂ ಕೇಳಲಿಲ್ಲ.

ಮನೆ ಖಾಲಿ ಮಾಡಿ ಎಂಬ ಆದೇಶ ಬಂದ ದಿನ ಭಾವ ರೇಗಲಿಲ್ಲ. ಅದನ್ನು ಓದಿ, ಅಂಗಡಿಯ ಗಾಜಿಗೆ ತಾನೇ ಅಂಟಿಸಿ, ಬಂದ ಗಿರಾಕಿಗಳಿಗೆಲ್ಲ, "ಬೇಗ ತಗೊಂಡು ಹೋಗಿ, ಬ್ರೆಡ್ಡಿನ ಸಮೇತ ಒಳಗೋಗ್ಬಿಡ್ತೀರಾ" ಎಂದು ತಮಾಷೆ ಮಾಡಿದ. ಬರೀ ಖಾಲಿ ಮಾಡುವುದರಲ್ಲೇ ಮುಗಿಯಬಹುದೆಂದು ತಂಗಿ ಅಂದುಕೊಂಡಿದ್ದಳು. ಆದರೆ ಸುದ್ದಿ ತಿಳಿದ ಅಕ್ಕಪಕ್ಕದವರು ನಗರಸಭೆಗೆ ಗುಂಪಾಗಿ ಹೋದರು. ವರ್ಷಗಟ್ಟಲೆ ಭಾವನ ಕೈಯ ಬ್ರೆಡ್ಡು ತಿಂದವರೇ, ಆ ಮನೆ ನಮ್ಮ ಮೇಲೆ ಬಿದ್ದರೆ ಯಾರು ಹೊಣೆ ಎಂದು ಪಟ್ಟು ಹಿಡಿದರು. ಕೆಡವುವುದೆಂದು ತೀರ್ಮಾನವಾಯಿತು.

ಅಜ್ಜಿ ಹಾಸಿಗೆ ಹಿಡಿದಿದ್ದಳು. ಅವಳನ್ನು ಕುರ್ಚಿಯಲ್ಲಿ ಕೂರಿಸಿ, ಭಾವ ಮುಂದೆ, ತಂಗಿ ಹಿಂದೆ ಹಿಡಿದು ಮಹಡಿಯಿಂದ ಇಳಿಸಿದರು. ಇಳಿಯುವ ಉದ್ದಕ್ಕೂ ಅವಳು ಕೈಚಾಚಿ ಗೋಡೆಯನ್ನು ಹಿಡಿದುಕೊಳ್ಳಲು ನೋಡುತ್ತಿದ್ದಳು. "ಬಿಡಮ್ಮ, ಗೋಡೆ ಬಿಡು" ಎಂದು ಭಾವ ಮತ್ತೆ ಮತ್ತೆ ಹೇಳುತ್ತಿದ್ದ. ಅವಳನ್ನು ವ್ಯಾನಿನಲ್ಲಿ ಕೂರಿಸಿದ ಮೇಲೆ ಅವನೊಬ್ಬನೇ ಶೆಡ್ಡಿಗೆ ಹೋದ. ಬರುವುದು ತಡವಾದ್ದರಿಂದ ತಂಗಿ ಇಣುಕಿದಳು. ಅವನು ಭಟ್ಟಿಯೊಳಗಿನ ಬೂದಿಯನ್ನು ಒಂದು ಚೂರೂ ಉಳಿಯದಂತೆ ಬಳಿದು, ಒದ್ದೆ ಬಟ್ಟೆಯಿಂದ ಒಳಗೆಲ್ಲ ಒರೆಸುತ್ತಿದ್ದ. ನಾಳೆ ಬೆಳಿಗ್ಗೆ ಬೆಂಕಿ ಹಾಕುವವನಂತೆ.

ಕೆಡವುವ ದಿನ ತಂಗಿ ರಜೆ ಹಾಕಿ ಬಂದಿದ್ದಳು. ಅಕ್ಕ ಬರಲಿಲ್ಲ. ಯಂತ್ರಕ್ಕೆ ಬೀದಿಯ ಕಡೆಯಿಂದಷ್ಟೇ ದಾರಿಯಿದ್ದದ್ದರಿಂದ ಮೊದಲು ಅಂಗಡಿ, ಆಮೇಲೆ ಮಹಡಿ, ಕೊನೆಗೆ ಶೆಡ್ಡು ಎಂದು ಗೊತ್ತಾಗಿತ್ತು. ಮನೆ ಸುಲಭವಾಗಿ ಬಗ್ಗಲಿಲ್ಲ. ಯಂತ್ರದ ಕೈ ಗುದ್ದಿ ಗುದ್ದಿ ಹಿಂದೆ ಬರುತ್ತಿತ್ತು. ಯಂತ್ರ ನಡೆಸುವವನು ಬೆವರು ಒರೆಸಿಕೊಳ್ಳುತ್ತಾ, "ಯಾರು ಕಟ್ಟಿದ್ದು ಇದನ್ನ? ಬೀಳೋ ಮನೆ ಅಂದ್ರು ನಂಗೆ" ಎಂದ. ಮಧ್ಯಾಹ್ನದ ಹೊತ್ತಿಗೆ ಮನೆಯೆಲ್ಲ ಕಲ್ಲುರಾಶಿಯಾಯಿತು. ಅಡಿಪಾಯದ ಕೆಳಗೆ ಬಂಡೆ ಕಂಡಿತು. ಹಾಸುಬಂಡೆ, ಒಂದು ಬಿರುಕೂ ಇಲ್ಲದ್ದು.

ಆಮೇಲೆ ಶೆಡ್ಡಿಗೆ ಯಂತ್ರ ತಾಗಿತು. ತಾಗಿದ ಒಂದೇ ಏಟಿಗೆ ಭಟ್ಟಿ ಪಕ್ಕಕ್ಕೆ ಬೀಳದೆ ಕೆಳಕ್ಕೆ ಹೋಯಿತು. ಬೂದಿ ಮೋಡದಂತೆ ಎದ್ದು ಎಲ್ಲರೂ ಕೆಮ್ಮಿಕೊಂಡು ಹಿಂದೆ ಸರಿದರು. ಅದು ಅಡಗಿದ ಮೇಲೆ ನೋಡಿದರೆ ದುಂಡನೆಯ ಒಂದು ಬಾಯಿ, ಕಲ್ಲು ಕಟ್ಟಿದ ಅಂಚು. ಹಳೆಯ ಬಾವಿ. ಭಟ್ಟಿಯ ಇಟ್ಟಿಗೆಗಳು ಅದರೊಳಗೆ ಬೂದಿಯಲ್ಲಿ ಅರ್ಧ ಹೂತು ಬಿದ್ದಿದ್ದವು. ಭಾವನಿಗೆ ಬುದ್ಧಿ ತಿಳಿಯುವ ಮೊದಲೇ ಅವನ ಅಪ್ಪ ಬತ್ತಿದ ಬಾವಿಗೆ ವರ್ಷಗಟ್ಟಲೆ ಬೂದಿ ಸುರಿದು, ಅದು ತುಂಬಿದ ಮೇಲೆ ಚಪ್ಪಡಿ ಮುಚ್ಚಿ, ಅದರ ಮೇಲೆ ಹೊಸ ಭಟ್ಟಿ ಕಟ್ಟಿಸಿದ್ದ. ಒಳಗೆ ಬೂದಿ ಕೂರುತ್ತಾ ಬಂದಿತ್ತು, ಭಟ್ಟಿ ಅದರ ಜೊತೆ ಇಳಿಯುತ್ತಾ ಬಂದಿತ್ತು.

ನಗರಸಭೆಯ ಇಂಜಿನಿಯರ್ ಬಾವಿಯೊಳಗೆ ಬಗ್ಗಿ ನೋಡಿ, "ಸುರಂಗ ಅಲ್ಲ ಇದು" ಎಂದ. ಅವನೇ ಮತ್ತೊಮ್ಮೆ, "ಸುರಂಗ ಅಲ್ಲವೇ ಅಲ್ಲ" ಎಂದು, ತಂಗಿಯ ಕಡೆ ನೋಡದೆ ಜೀಪಿನ ಹತ್ತಿರ ಹೋದ. ಭಾವ ಒಂದು ಇಟ್ಟಿಗೆ ಎತ್ತಿಕೊಂಡು ತಿರುಗಿಸಿ ನೋಡಿ, ಅದನ್ನು ಎಲ್ಲಿಡುವುದೆಂದು ತಿಳಿಯದವನಂತೆ ಸ್ವಲ್ಪ ಹೊತ್ತು ನಿಂತು, ಮತ್ತೆ ಅಲ್ಲೇ ಇಟ್ಟ.

ಮರುದಿನ ತಂಗಿ ಸರಾಸರಿ ಸರ್ ಮುಂದೆ ಎಲ್ಲವನ್ನೂ ಹೇಳಿಕೊಂಡಳು. ಬೈಯಲಿ, ಕೆಲಸದಿಂದ ತೆಗೆಯಲಿ, ಏನಾದರೂ ಆಗಲಿ ಎಂದು ಕಾದಳು. ಅವರು ಬೈಯಲಿಲ್ಲ. ಹಾಳೆ ತೆರೆದು, ಬೀದಿಯ ಕೊನೆಯ ಆ ಜಾಗವನ್ನು ಒತ್ತಿದರು. ಕೆಡವಿದ ರಾತ್ರಿಯೇ ಉಪಗ್ರಹ ಹಾದುಹೋಗುವಾಗ ತೆಗೆದ ಹೊಸ ಚಿತ್ರದಲ್ಲಿ ಹೊಳೆಯುವ ವಸ್ತುವೇ ಇರಲಿಲ್ಲ. ಗೆರೆ ತುಂಡಾಗಿತ್ತು.

"ಇನ್ನು ಇಲ್ಲಿಂದ ಏನೂ ಗೊತ್ತಾಗಲ್ಲ" ಎಂದರು. ಹಾಳೆ ಮುಚ್ಚಿ, "ನಾನಾದ್ರೂ ಅವತ್ತೇ ಅಳತೆಯವರನ್ನ ಕಳಿಸಬೇಕಿತ್ತು. ನೋಡೋಣ, ನೋಡೋಣ ಅಂತ ಕೂತೆ" ಎಂದು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಆಮೇಲೆ ಅವಳ ಮೇಲೆ ಒಂದು ವಿಚಾರಣೆಯೂ ನಡೆಯಿತು. ಅಪ್ಪಣೆಯಿಲ್ಲದೆ ಗೆರೆ ಹೊರಗೆ ಕೊಟ್ಟದ್ದಕ್ಕೆ ಅವಳನ್ನು ಬೇರೆ ವಿಭಾಗಕ್ಕೆ ಹಾಕಿದರು. ಅಲ್ಲಿ ಅವಳ ಕೆಲಸ ಕಾಡಿನ ಚಿತ್ರಗಳದ್ದು. ಮನೆಗಳಿಲ್ಲದ ಚಿತ್ರಗಳು.

ಅಕ್ಕನವರು ಹಿಡಿದಿದ್ದ ಬಾಡಿಗೆ ಮನೆ ದೊಡ್ಡ ಕಟ್ಟಡವೊಂದರ ನಡುವಿನ ಮಹಡಿಯಲ್ಲಿತ್ತು. ಒಂದೇ ಕಿಟಕಿ, ಅದರಾಚೆ ಇನ್ನೊಂದು ಕಟ್ಟಡದ ಗೋಡೆ. ಭಾವನಿಗೆ ಯಂತ್ರದಲ್ಲಿ ಬ್ರೆಡ್ಡು ಮಾಡುವ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತ್ತು. ಹಿಟ್ಟು ಮುಟ್ಟುವ ಕೆಲಸವಲ್ಲ, ಪಟ್ಟಿಯ ಮೇಲೆ ಬರುವ ಪೊಟ್ಟಣಗಳನ್ನು ಡಬ್ಬಕ್ಕೆ ತುಂಬುವುದು. ಪರಿಹಾರದ ಮಾತು ಕಚೇರಿಯಿಂದ ಕಚೇರಿಗೆ ಅಲೆಯುತ್ತಿತ್ತು.

ತಂಗಿ ಧೈರ್ಯ ಕೂಡಿಸಿಕೊಂಡು ಅಲ್ಲಿಗೆ ಹೋದಾಗ ಭಾವ ಕೆಲಸದಿಂದ ಆಗಷ್ಟೇ ಬಂದಿದ್ದ. ಕೂರು ಎಂದ. ಇಂಜಿನಿಯರಮ್ಮ ಎನ್ನಲಿಲ್ಲ.

"ಶೆಡ್ಡು ಇರಬಹುದು ಅಂತ ಸರ್ ಮೊದಲೇ ಹೇಳಿದ್ರು ಭಾವ. ನಾನು ನಿಮಗೆ ಹೇಳಲಿಲ್ಲ" ಎಂದಳು ತಂಗಿ. ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ ಮಾತುಗಳಲ್ಲಿ ಅದೊಂದೇ ಹೊರಗೆ ಬಂತು.

ಭಾವ ಶೂ ಬಿಚ್ಚುತ್ತಿದ್ದವನು ಹಾಗೇ ನಿಂತ. "ನೀನು ಹೇಳಿದ್ದು ಸುಳ್ಳಲ್ಲ. ಇಳೀತಾ ಇತ್ತು. ನಮ್ಮ ಕೆಳಗಿನ ನೆಲ ಅಲ್ಲ, ಭಟ್ಟಿ ಕೆಳಗಿಂದು. ಶೆಡ್ಡು ಅಂತ ಒಂದು ಮಾತು ಬಂದಿದ್ರೆ ನಾನೇ ಅಗೆದು ನೋಡ್ತಿದ್ದೆ. ಒಂದು ದಿನದ ಕೆಲಸ." ಅವನ ದನಿ ಏರಲಿಲ್ಲ. ಶೂಗಳನ್ನು ಗೋಡೆಗೆ ಒತ್ತಿ ಜೋಡಿಸಿ, ಮುಖ ತೊಳೆಯಲು ಹೋದ.

ಮಂಚದ ಮೇಲಿದ್ದ ಅಜ್ಜಿ ಇದ್ದಕ್ಕಿದ್ದಂತೆ, "ಬಾವಿ ವಿಷಯಾನಾ?" ಎಂದಳು. "ಅದರ ನೀರು ಕುಡಿದೇ ನಾನು ಇವನನ್ನ ಹೆತ್ತಿದ್ದು. ಬತ್ತಿದ ಮೇಲೆ ಇವರಪ್ಪ ಮುಚ್ಚಿದ್ರು. ನನ್ನ ಕೇಳಿದ್ರೆ ಹೇಳ್ತಿದ್ದೆನಲ್ಲ. ಯಾರು ಕೇಳಿದ್ರು ನನ್ನ?"

ಯಾರೂ ಕೇಳಿರಲಿಲ್ಲ. ಮೆಟ್ಟಿಲಿಳಿಸುವಾಗಲೂ ಅವಳಿಗೆ, ಸ್ವಲ್ಪ ದಿನ ಬೇರೆ ಕಡೆ ಇರೋಣ ಎಂದಷ್ಟೇ ಹೇಳಿದ್ದರು.

ಅಕ್ಕ ಬಾಗಿಲವರೆಗೆ ಬಂದಳು. ಮೊದಲಿನಂತೆ ಕೈಗೆ ಏನನ್ನೂ ಕೊಡಲಿಲ್ಲ. ಕೊಡಲು ಆ ಮನೆಯಲ್ಲಿ ಏನೂ ಇರಲಿಲ್ಲ.

"ಸ್ವಲ್ಪ ದಿನ ಬರಬೇಡ" ಎಂದಳು.

"ಅಕ್ಕ..."

"ಕೋಪ ಅಲ್ಲ ಕಣೇ. ನೀನು ಯಾಕೆ ಮಾಡ್ದೆ ಅಂತ ನಂಗೆ ಗೊತ್ತಿಲ್ವಾ? ಆದರೆ ಅವರು ನಿನ್ನ ಎದುರಿಗೆ ತಮಾಷೆ ಮಾಡೋಕೆ ಹೋಗಿ ಮಾಡಕ್ಕಾಗದೆ ಒದ್ದಾಡ್ತಾರೆ. ಅದನ್ನ ನೋಡೋಕೆ ನಂಗಾಗಲ್ಲ."

ತಂಗಿ ಮೆಟ್ಟಿಲಿಳಿದು ಬೀದಿಗೆ ಬಂದಳು. ಬಸ್ಸಿನಲ್ಲಿ ಕೂತ ಮೇಲೆ ಅಳು ಬಂತು; ಪಕ್ಕದಲ್ಲಿ ಕೂತ ಹೆಂಗಸು ಕಿಟಕಿಯ ಕಡೆ ತಿರುಗಿಕೊಂಡು ಅವಳನ್ನು ಅಳಲು ಬಿಟ್ಟಳು.

ಚಳಿಗಾಲ ಶುರುವಾಗುವ ತನಕ ಅವಳು ಹೋಗಲಿಲ್ಲ, ಫೋನೂ ಮಾಡಲಿಲ್ಲ. ಕಾಡಿನ ಚಿತ್ರಗಳಲ್ಲಿ ಮರಗಳು ಎಲೆ ಉದುರಿಸುವುದನ್ನೂ ಚಿಗುರುವುದನ್ನೂ ಗೆರೆ ಮಾಡಿ ಮೇಲಿನವರಿಗೆ ಕೊಡುತ್ತಿದ್ದಳು. ಪ್ರತಿಯೊಂದು ಗೆರೆಯ ಜೊತೆಗೂ ಅಲ್ಲಿ ನಿಜವಾಗಿ ಏನಿದೆ ಎಂದು ಯಾರಾದರೂ ಹೋಗಿ ನೋಡಿದ್ದಾರೆಯೇ ಎಂದು ಕೇಳುತ್ತಿದ್ದಳು. ಹೊಸ ವಿಭಾಗದವರಿಗೆ ಅದೊಂದು ಕಿರಿಕಿರಿಯಾಗಿತ್ತು.

ಒಂದು ಭಾನುವಾರ ಅಕ್ಕನ ಫೋನು ಬಂತು.

"ಅಜ್ಜಿಗೆ ಸ್ನಾನ ಮಾಡಿಸಬೇಕು. ನಿಮ್ಮ ಭಾವಂಗೆ ಪಾಳಿ ಇದೆ. ನನ್ನೊಬ್ಬಳ ಕೈಲಿ ಎತ್ತಕ್ಕಾಗಲ್ಲ. ಬರ್ತೀಯಾ?"

"ಬರ್ತೀನಿ" ಎಂದು ತಂಗಿ ಬಂದಳು.

ಅಜ್ಜಿ ಇನ್ನಷ್ಟು ಇಳಿದುಹೋಗಿದ್ದಳು, ಆದರೂ ಭಾರ. ಇಬ್ಬರೂ ತೋಳಿಗೆ ತೋಳು ಕೊಟ್ಟು ಅವಳನ್ನು ಬಚ್ಚಲಿನ ಮಣೆಯ ಮೇಲೆ ಕೂರಿಸಿದರು. ನೀರು ಬೇಗ ಆರುತ್ತಿತ್ತು. ಅಜ್ಜಿ ನಡುಗುತ್ತಾ, "ಈ ಮನೆ ಗೋಡೆ ಯಾಕೆ ಇಷ್ಟು ತಣ್ಣಗಿದೆ?" ಎಂದು ಕೇಳಿದಳು. ಅಕ್ಕತಂಗಿಯರು ಒಬ್ಬರನ್ನೊಬ್ಬರು ನೋಡಲಿಲ್ಲ.

"ಬೆನ್ನಿಗೆ ಹಾಕು. ನಿಧಾನ" ಎಂದಳು ಅಕ್ಕ.

ತಂಗಿ ಚೊಂಬಿನಲ್ಲಿ ನೀರು ತುಂಬಿ ಬೆನ್ನಿಗೆ ಸುರಿದಳು. ಅಕ್ಕ ಉಜ್ಜಿದಳು. ಒರೆಸಿ, ಬಟ್ಟೆ ಹಾಕಿ, ಮತ್ತೆ ಮಂಚಕ್ಕೆ ತಂದು ಮಲಗಿಸುವಷ್ಟರಲ್ಲಿ ಇಬ್ಬರ ಸೀರೆಯೂ ತೊಯ್ದು ತೊಪ್ಪೆಯಾಗಿತ್ತು. ಅಜ್ಜಿ ತಕ್ಷಣವೇ ನಿದ್ದೆ ಹೋದಳು.

ಅಕ್ಕ ಒಣಗಿದ ಟವೆಲ್ ಒಂದನ್ನು ತಂದು ತಂಗಿಯ ಕೈಗಿಟ್ಟಳು. "ಮುಂದಿನ ಭಾನುವಾರಾನೂ ಅವರಿಗೆ ಪಾಳಿ" ಎಂದು ಹೇಳಿ, ಉತ್ತರಕ್ಕೆ ಕಾಯದೆ ಬಚ್ಚಲು ತೊಳೆಯಲು ಹೋದಳು.